ಒಂದು ಪಲ್ಲ ನೋವು

ಬೆಂಚು ಬಾಗಿತು, ಬಾಗಿದ್ದು ಹುಲುಗಪ್ಪನ ಕಣ್ಣಿಗಿಂತ ಮೊದಲು ಅವನ ತೊಡೆಗೆ ಗೊತ್ತಾಯಿತು, ಐವತ್ತೆಂಟು ಕೆಜಿ, ಅಲ್ಲ, ಕೈಯಲ್ಲಿ ಬುತ್ತಿಗಂಟು ಇರಬೇಕು, ಅರವತ್ತು — ಆ ತುದಿಗೆ ಬಂದು ಕೂತ ಹೆಂಗಸಿನ ಮುಖ ನೋಡುವ ಮೊದಲೇ ಮೈ ತೂಕ ಹಾಕಿ ಮುಗಿಸಿತ್ತು, ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ಚೀಲ ಹೊತ್ತ ಹಮಾಲಿಗೆ ತಕ್ಕಡಿ ಯಾಕೆ ಬೇಕು, ತಕ್ಕಡಿಯ ಮೇಲೇ ಅನುಮಾನ ಬಂದಾಗ ಸಾಹುಕಾರರು ಅವನನ್ನು ಕರೆದು ಕೇಳುತ್ತಿದ್ದರು, ಇಪ್ಪತ್ತೆರಡು ವರ್ಷದಲ್ಲಿ ಅವನು ಹೊತ್ತ ಚೀಲಗಳನ್ನು ಒಂದರ ಮೇಲೊಂದು ಒಟ್ಟಿದ್ದರೆ ಚಂದ್ರನ ಮೇಲೆ ಕಾಲಿಡಲು ಅಮೆರಿಕದವರು ರಾಕೆಟ್ಟು ಸುಡಬೇಕಿರಲಿಲ್ಲ, ಚೀಲದಿಂದ ಚೀಲಕ್ಕೆ ಹತ್ತಿ, ನಡುವೆ ಎರಡು ಕಡೆ ಕೂತು ಬೀಡಿ ಸೇದಿ, ಆರಾಮಾಗಿ ಹೋಗಿಳಿಯಬಹುದಿತ್ತು, ಈ ಮಾತನ್ನು ಅವನು ಚಹದಂಗಡಿಯಲ್ಲಿ ಎಷ್ಟು ಸಲ ಹೇಳಿದ್ದನೆಂದರೆ ಚಂದ್ರನಿಗೂ ಕೇಳಿ ಬೇಸರ ಬಂದಿರಬೇಕು. ಬೆಂಚು ಬಾಗಿದ್ದು ಎರಡು ಬೆರಳು, ತೇಗದ ಹಲಗೆ, ಹಳೆಯದು, ಅದಕ್ಕಿಂತ ಹೆಚ್ಚು ಬಾಗದು, ಗಿರಣಿಯ ಹಲಗೆಯಾದರೆ — ಬೇಡ, ಆ ಹಲಗೆ ಈಗ ಯಾಕೆ, ಹೋದ ಮಂಗಳವಾರದಿಂದ ಅದೊಂದು ಹಲ್ಲಿನ ಸಂದಿಯ ಅಡಿಕೆಚೂರಿನಂತೆ ಸಿಕ್ಕಿಕೊಂಡಿದೆ, ನಾಲಿಗೆ ಸುಮ್ಮನೆ ಅಲ್ಲಿಗೇ ಹೋಗುತ್ತದೆ. ಕಿಟಕಿಯಾಚೆ ಬಳ್ಳಾರಿ ಗುಡ್ಡ, ಅದರ ಮೇಲೆ ಕೋಟೆ, ಬೆಳಗಿನ ಬಿಸಿಲು ಬಂಡೆಯ ಅರ್ಧಕ್ಕೆ ಇಳಿದಿದೆ, ಒಳಗೆ ಆಸ್ಪತ್ರೆಯ ಪಡಸಾಲೆಯಲ್ಲಿ ಫಿನಾಯಿಲ್ ವಾಸನೆ, ಹೆಂಡತಿ ಹಂಪಮ್ಮ ಕಾಗದಕ್ಕೆ ಮೊಹರಿನ ಸಿಕ್ಕ ಒತ್ತಿಸಲು ಸಾಲಿನಲ್ಲಿ ನಿಂತು ಗಂಟೆಯಾಯಿತು, ಆ ಕಾಗದ ಹಿಡಿದು ಒಳಗೆ ಹೋದರೆ ಆಯಿತು, ಆಪರೇಷನ್ನಾಗಿ ಆರು ತಿಂಗಳು ತುಂಬಿದೆ, ವಿರೂಪಾಕ್ಷಪ್ಪ ಡಾಕ್ಟರು ಎಷ್ಟು ಗುಣ ಎಂದು ಕೇಳುತ್ತಾರೆ, ಅವನು ಪೂರಾ ಎನ್ನುತ್ತಾನೆ, ಇವನು ಚೀಲ ಎತ್ತಬಹುದು ಅಂತ ಒಂದು ಚೀಟಿ ಬರೆದು ಕೊಡುತ್ತಾರೆ, ಸೋಮವಾರದಿಂದ ಹೆಗಲಿಗೆ ಚೀಲ, ಸೊಂಟಕ್ಕೆ ಕೊಕ್ಕೆ, ಮತ್ತೆ ಹುಲುಗಪ್ಪ ಮೇಸ್ತ್ರಿ.

ನೀವು ಸಿರುಗುಪ್ಪದ ಹುಲುಗಪ್ಪ ಅಲ್ಲೇನ್ರಿ ಅಣ್ಣ, ಬೆನ್ನು ಕೊಯ್ಸಿಕೊಂಡೋರು, ನರ್ಸಮ್ಮ ತೋರಿಸಿದ್ಲು ಎಂದಳು ಆ ಅರವತ್ತು ಕೆಜಿ, ನಮ್ದು ಕುರುಗೋಡ್ರಿ, ನಾನು ಮಾರೆಮ್ಮ, ಅಕಾ ಅಲ್ಲಿ ಕಂಬಳಿ ಮ್ಯಾಲೆ ಮಗ್ಗಲಾಗಿ ಮಲಗ್ಯಾನಲ್ಲ, ನನ್ನ ಗಂಡ ಪಾಲಯ್ಯ, ಕಲ್ಲು ಒಡೆಯೋ ಕೆಲಸ, ಸೊಂಟದಿಂದ ಕಾಲಿನ ಬೆರಳ ತನಕ ಬೆಂಕಿ ಬೆಂಕಿ ಅಂತಾನ, ಡಾಕ್ಟ್ರು ಕೊಯ್ಯಬೇಕು ಅಂದಾರ, ಇವ ಹೆಬ್ಬಟ್ಟು ಒತ್ತವಲ್ಲ, ನೀವು ಅನುಭವ ಇದ್ದೋರು, ಒಂದು ಮಾತು ಹೇಳ್ರಿ, ನೀವು ಹೆಂಗಂತೀರೋ ಹಂಗ. ಹುಲುಗಪ್ಪನ ಎದೆ ಹಿಗ್ಗಿತು, ಕೇಳುವವರೊಬ್ಬರು ಸಿಕ್ಕರೆ ಸಾಕು, ಅವನ ಎದೆ ಹಿಗ್ಗುವುದಕ್ಕೆ ಪಡಸಾಲೆ ಸಾಲದು, ಏ ತಂಗಿ, ಕಣ್ಣು ಮುಚ್ಚಿ ಕೊಯ್ಸಿಬಿಡು ಅಂದ, ಎದ್ದು ಬಂದ ಮ್ಯಾಲೆ ನಿನ್ನ ಗಂಡ ನಿಮ್ಮೂರ ದೊಡ್ಡ ಬಸವಣ್ಣನ್ನ ಹೆಗಲ ಮ್ಯಾಲೆ ಕುಂದರಿಸಿಕೊಂಡು ಊರು ಸುತ್ತಿ ಬರ್ತಾನ, ಅಷ್ಟು ದೊಡ್ಡ ಬಸವಣ್ಣಗ ಕೊಕ್ಕಿ ಎಲ್ಲಿ ಹಾಕಬೇಕು ಅನ್ನೋದೊಂದ ಚಿಂತಿ ನೋಡು. ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು, ಆದರೆ ಕಣ್ಣು ನಗಲಿಲ್ಲ, ಖರೇನ ಹೇಳ್ರಿ ಅಣ್ಣ, ನೀವು ಚೀಲ ಎತ್ತಿದ್ರಾ? ಎತ್ತಿದ್ರಾ ಅಂತಾಳಲ್ಲ, ಹೋದ ಮಂಗಳವಾರ, ಹೊಸ ಭತ್ತದ ಮೊದಲ ಚೀಲ, ಎಪ್ಪತ್ತೈದು ಕೇಜಿ, ಹಲಗಿ ಹತ್ತಿ ಚೀಲದ ನಿಟ್ಟಿನ ತುದಿಗೆ ಒಗದೀನಿ, ಇಡೀ ಗಿರಣಿ ಸಿಳ್ಳಿ ಹಾಕೇತಿ, ಬೇಕಾದರ ಸಿರುಗುಪ್ಪದಾಗ ಯಾರನ್ನಾರ ಕೇಳು. ಅವಳು ಎದ್ದಳು, ಗಂಡನ ಹತ್ತಿರ ಓಡಿದಳು, ಬೆಂಚು ನೆಟ್ಟಗಾಯಿತು, ಕಂಬಳಿಯ ಮೇಲಿನ ಗಂಡಸು ತಲೆ ಎತ್ತಿ ಹುಲುಗಪ್ಪನ ಕಡೆ ನೋಡಿದ, ಕಲ್ಲಿನ ಪುಡಿ ಕೂತು ಕೂತು ರೆಪ್ಪೆಗಳೇ ಬೆಳ್ಳಗಾದ ಕಣ್ಣು, ಆ ಕಣ್ಣಿನಲ್ಲಿ ಏನೋ ಹೊತ್ತಿಕೊಂಡದ್ದು ಇಲ್ಲಿಂದಲೇ ಕಾಣಿಸಿತು, ಆರು ತಿಂಗಳ ಹಿಂದೆ ತನ್ನ ಕಣ್ಣಿನಲ್ಲೂ ಹೀಗೇ ಹೊತ್ತಿಕೊಂಡಿತ್ತೇನೋ, ಖಾಲಿ ಬೆಂಚು, ಬಾಗದ ಬೆಂಚು — ಹಲಗೆ, ಗಿರಣಿಯ ಹಲಗೆ, ನಾಲ್ಕು ಬೆರಳು, ನಾಲ್ಕೇ ಬೆರಳು, ಥೂ, ಏನಿದು.

ಬೆನ್ನು ಹೋದದ್ದು ಹೇಗೆಂದು ಊರಿಗೆಲ್ಲ ಅವನು ಹೇಳಿದ ಕಥೆ ಬೇರೆ, ಪಂತ ಕಟ್ಟಿ ಎರಡು ಚೀಲ ಒಟ್ಟಿಗೆ ಹೊತ್ತೆ, ಮೂರನೆಯದನ್ನು ಮೇಲೆ ಇಡುವಾಗ ಭೂಮಿ ನಡುಗಿತು, ಹೇಳಿದ ಹಾಗೆಲ್ಲ ಚೀಲ ಹೆಚ್ಚುತ್ತಾ ಹೋಗಿ ಬೇಸಿಗೆ ಮುಗಿಯುವುದರೊಳಗೆ ಐದಾಗಿದ್ದವು, ನಿಜ ಗೊತ್ತಿದ್ದದ್ದು ಹಂಪಮ್ಮನಿಗೆ ಒಬ್ಬಳಿಗೇ, ಮನೆಯ ಹೊಸ್ತಿಲ ಬಳಿ ಬಿದ್ದಿದ್ದ ಬೆಂಕಿಪೊಟ್ಟಣ ಎತ್ತಲು ಬಗ್ಗಿದ್ದ, ಅಷ್ಟೇ, ಬಗ್ಗಿದವನು ಏಳಲಿಲ್ಲ, ಕಡ್ಡಿ ಗೀರದೆಯೇ ಎಡಗಾಲಿಗೆ ಬೆಂಕಿ ಹತ್ತಿತ್ತು, ಪಿರ್ರೆಯಿಂದ ಕಿರುಬೆರಳ ತನಕ ಕಾದ ತಂತಿ ಎಳೆದ ಹಾಗೆ, ನಾಲ್ಕು ತಿಂಗಳು ಹಾಗೇ, ಉಪ್ಪಿನ ಶಾಖ, ಹಲಕುಂದಿ ಮಠದ ವಿಭೂತಿ, ಎಣ್ಣೆ ನೀವುವವನ ಮೊಣಕೈ, ಕೊನೆಗೆ ಸಿರುಗುಪ್ಪದಿಂದ ಲಾರಿಯಲ್ಲಿ ಖಾಲಿ ಗೋಣಿಗಳ ಮೇಲೆ ಬೋರಲು ಮಲಗಿ ಬಳ್ಳಾರಿಗೆ ಬಂದದ್ದು, ಇಪ್ಪತ್ತೆರಡು ವರ್ಷ ಚೀಲ ಹೊತ್ತವನನ್ನು ಅವತ್ತು ಚೀಲಗಳು ಹೊತ್ತವು. ಎಮರ್ಜೆನ್ಸಿ ಹೋದ ಮರುವರ್ಷ ಅದು, ಜೂನ್ ತಿಂಗಳು, ವಾರ್ಡಿನಲ್ಲಿ ವಿರೂಪಾಕ್ಷಪ್ಪ ಡಾಕ್ಟರು ಹತ್ತರಲ್ಲಿ ಎಷ್ಟು ನೋವಪ್ಪ ಅಂತ ಕೇಳಿದ್ದರು, ಹತ್ತು ಏನ್ರಿ ಸಾಹೇಬ್ರ, ಹತ್ತರಾಗ ನನ್ನ ನೋವು ಎಲ್ಲಿ ಹಿಡೀತೈತಿ, ಪಲ್ಲದ ಲೆಕ್ಕ ಕೇಳ್ರಿ ಅಂದಿದ್ದ, ಪಲ್ಲ ಅಂದರೆ ನೂರು ಸೇರು, ನನ್ನದು ತುಂಬಿದ ಪಲ್ಲ, ಮ್ಯಾಲೆ ಎರಡು ಸೇರು ಚೆಲ್ಲಾಕತ್ತೈತಿ, ಡಾಕ್ಟರು ನಕ್ಕಿದ್ದರು, ಅವರು ನಕ್ಕದ್ದು ಅದೇ ಮೊದಲಂತೆ, ಅಂದಿನಿಂದ ವಾರ್ಡಿಗೆ ವಾರ್ಡೇ ನೋವನ್ನು ಸೇರಿನಲ್ಲಿ ಅಳೆಯಲು ಶುರು ಮಾಡಿತು, ಬೆಳಿಗ್ಗೆ ನರ್ಸಮ್ಮ ಬಂದರೆ ನನ್ನದು ಮೂವತ್ತು ಸೇರು, ನನ್ನದು ಐವತ್ತು ಅಂತ ಮಂಚದಿಂದ ಮಂಚಕ್ಕೆ ಕೂಗು, ಆಸ್ಪತ್ರೆಯೋ ಭತ್ತದ ಬಜಾರೋ ತಿಳಿಯುತ್ತಿರಲಿಲ್ಲ. ಕೊಯ್ಯುವ ಹಿಂದಿನ ದಿನ ಡಾಕ್ಟರು ಮಂಚದ ಅಂಚಿಗೆ ಕೂತು ಹೇಳಿದ್ದರು, ಹುಲುಗಪ್ಪ ಕೇಳು, ಕಾಲಿನ ಉರಿ ಹೋಗತೈತಿ, ಅದಕ್ಕ ನಾನು ಗ್ಯಾರಂಟಿ, ಸೊಂಟ ಮಾತ್ರ ಮೊದಲಿನಂಗ ಆಗಂಗಿಲ್ಲ, ಮುಂದ ಒಂದು ಕೊಡ ನೀರಿಗಿಂತ ಹೆಚ್ಚಿಂದು ಎತ್ತಬಾರದು, ತಿಳೀತಾ? ತಿಳೀತ್ರಿ ಅಂದಿದ್ದ, ಹೋಗತೈತಿ ಅನ್ನುವ ಒಂದು ಮಾತು ಕಿವಿಗೆ ಬಿದ್ದದ್ದೇ ತಡ ಅವನ ಮನಸ್ಸು ಆಗಲೇ ಸಿರುಗುಪ್ಪ ತಲುಪಿ ಹಲಗೆ ಹತ್ತುತ್ತಿತ್ತು, ಉಳಿದದ್ದನ್ನು ಕೇಳಿಸಿಕೊಂಡವಳು ಮಂಚದ ಕಾಲ ಬಳಿ ನೆಲದ ಮೇಲೆ ಕೂತಿದ್ದ ಹಂಪಮ್ಮ, ತಲೆ ಬಗ್ಗಿಸಿಕೊಂಡು, ಬೆರಳಿನಿಂದ ನೆಲದ ಮೇಲೆ ಏನೋ ಬರೆಯುತ್ತಾ. ಕೊಯ್ದ ಮೇಲೆ ಎಚ್ಚರವಾದಾಗ ಸಂಜೆ, ಬಾಯಿ ಒಣಗಿ ಗೋಣಿಯಾಗಿತ್ತು, ಬೆನ್ನಿಗೆ ಗೂಟ ಹೊಡೆದ ಹಾಗೆ, ಆದರೆ ಕಾಲು — ಕಾಲು ಎಲ್ಲಿ, ಕಾಲು ಇದೆಯೋ ಇಲ್ಲವೋ, ಹಂಪೀ ಕಾಲು ಮುಟ್ಟು, ಮುಟ್ಟೀನಿ, ಕಿರುಬೆರಳು ಮುಟ್ಟು, ಮುಟ್ಟೀನಿ ಅಂತೀನಲ್ಲ, ಉರಿ ಇರಲಿಲ್ಲ, ನಾಲ್ಕು ತಿಂಗಳ ಮೇಲೆ ಮೊದಲ ಸಲ ಕಾಲು ಬರೀ ಕಾಲಾಗಿತ್ತು, ಅವನು ಅತ್ತಿದ್ದ, ಅತ್ತದ್ದನ್ನು ಮಾತ್ರ ಯಾರಿಗೂ ದೊಡ್ಡದು ಮಾಡಿ ಹೇಳಿರಲಿಲ್ಲ, ಹೇಳಿಯೇ ಇರಲಿಲ್ಲ.

ಆಗ ಅಂದುಕೊಂಡದ್ದು, ಕಾಲು ಹೀಗೆ ಬಂತೆಂದರೆ ಸೊಂಟವೂ ಹೀಗೇ ಬರುತ್ತದೆ, ಒಂದು ದಿನ ಎದ್ದಾಗ, ಹೂವು ಎತ್ತಿದ ಹಾಗೆ, ಒಳಗೆ ಏನೋ ಕಬ್ಬಿಣದ್ದು ಕೂರಿಸಿದ್ದಾರೆ ಎಂದು ತಾನೇ ಊರಿಗೆಲ್ಲ ಸಾರಿದ, ಕೂರಿಸಿದ್ದು ಏನೂ ಇಲ್ಲ, ತೆಗೆದದ್ದು ಬೆರಳುಗುರಿನಷ್ಟು ಚೂರು ಎಂದು ಡಾಕ್ಟರು ಬಾಟಲಿಯಲ್ಲಿ ತೋರಿಸಿದ್ದರೂ, ಭಿಲಾಯಿ ಉಕ್ಕು, ನಂಬರ್ ಒನ್ನು, ಇನ್ನು ಎರಡು ಚೀಲ ಒಂದೇ ಏಟಿಗೆ ಎಂದ. ಹಮಾಲರ ಪದ್ಧತಿ ಹಾಗೆ, ಹೊಸ ಭತ್ತ ಬಂದ ದಿನ ಮೊದಲ ಚೀಲಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಅದನ್ನು ಮೇಸ್ತ್ರಿ ಒಬ್ಬನೇ ಹೊತ್ತು ಹಲಗೆ ಹತ್ತಬೇಕು, ಅದು ನಿಟ್ಟಿನ ಮೇಲೆ ಕೂರುವ ತನಕ ಬೇರೆ ಯಾರೂ ಇನ್ನೊಂದು ಚೀಲ ಮುಟ್ಟುವಂತಿಲ್ಲ, ಹೊರಲಾಗದ ದಿನ ಮೇಸ್ತ್ರಿಕೆ ಎರಡನೆಯವನಿಗೆ, ಎರಡನೆಯವನು ಮಲ್ಲಯ್ಯ, ಹನ್ನೆರಡು ವರ್ಷದಿಂದ ಎರಡನೆಯವನಾಗಿಯೇ ಇದ್ದು ಕೂದಲು ಹಣ್ಣಾಗಿದ್ದವನು, ಮಂಗಳವಾರ ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಹುಲುಗಪ್ಪ ತಲೆಗೆ ಗೋಣಿಯ ಕೊಪ್ಪೆ ಹಾಕಿ ಬಗ್ಗಿ ನಿಂತ, ಮಲ್ಲಯ್ಯ ಮತ್ತೊಬ್ಬ ಸೇರಿ ಹೇಯ್ ಅಂತ ಚೀಲ ಎತ್ತಿ ಬೆನ್ನಿಗೆ ಕೊಟ್ಟರು, ಅವರು ನರಳಿದ ನರಳಿಕೆ ಕೇಳಿದ್ದರೆ ಬಳ್ಳಾರಿ ಗುಡ್ಡವನ್ನೇ ಎತ್ತುತ್ತಿದ್ದಾರೆ ಅನ್ನಬೇಕು, ಚೀಲ ಬೆನ್ನಿಗೆ ಬಂತು, ಮತ್ತೆ — ಹಗುರ, ಅಯ್ಯೋ ಶಿವನೇ ಎಷ್ಟು ಹಗುರ, ಇದೇ ಅಲ್ಲವೇ ತಾನು ಕಾಯುತ್ತಿದ್ದದ್ದು, ಬಂತು, ಸೊಂಟ ಬಂತು, ಹಲಗೆಯ ಮೇಲೆ ಕಾಲಿಟ್ಟ, ಹದಿನೆಂಟು ಅಡಿಯ ಮತ್ತಿಮರದ ಹಲಗೆ, ಇಪ್ಪತ್ತೆರಡು ವರ್ಷ ಅಂಗಾಲಿನ ಅಡಿ ಇದ್ದದ್ದು, ಖಾಲಿ ಮೈಯವನು ನಡುವಿಗೆ ಬಂದರೆ ನಾಲ್ಕು ಬೆರಳು ಬಾಗುತ್ತದೆ, ತುಂಬಿದ ಚೀಲ ಹೊತ್ತವನು ಬಂದರೆ ಒಂದು ಗೇಣು, ಕಿರ್ರ್ ಅಂತ ಒಮ್ಮೆ ಅಳುತ್ತದೆ, ಆಮೇಲೆ ಮೇಲಕ್ಕೆ ಚಿಮ್ಮಿಸುತ್ತದೆ, ಆ ಚಿಮ್ಮುವಿಕೆಯ ಮೇಲೆ ಮುಂದಿನ ಹೆಜ್ಜೆ, ಅವತ್ತು ಅವನು ಚಿಮ್ಮುವಿಕೆಗೆ ಕಾದು ಹೆಜ್ಜೆ ಎತ್ತಿದ, ಅದು ಬರಲಿಲ್ಲ, ಮುಗ್ಗರಿಸಿದ, ಕೆಳಗೆ ಹೆಂಗಸರು ಹಾ ಅಂದರು, ಸಾವರಿಸಿಕೊಂಡು ಓಡಿ ಹತ್ತಿಬಿಟ್ಟ, ಸಿಳ್ಳೆ, ಸಿಳ್ಳೆಯೋ ಸಿಳ್ಳೆ, ಆದರೆ ಅಂಗಾಲು ಮಾತ್ರ ಅಲ್ಲೇ ನಡುವಿನಲ್ಲಿ ನಿಂತುಬಿಟ್ಟಿದೆ, ಇವತ್ತಿಗೂ, ನಾಲ್ಕು ಬೆರಳು, ಹುಲುಗಪ್ಪ, ನಾಲ್ಕೇ ಬೆರಳು, ಅಳಲಿಲ್ಲ ಹಲಗೆ. ಒಗೆದಾಗಲೂ ಧಪ್ ಅನ್ನಲಿಲ್ಲ, ಶ್ಶ್ ಅಂದಿತು, ಒಣ ಎಲೆಯ ಮೇಲೆ ಹಾವು ಹೋದ ಹಾಗೆ, ಒಗೆದ ಕೂಡಲೇ ಮಲ್ಲಯ್ಯ ಮೇಲೆ ಹತ್ತಿ ಬಂದು ಆ ಚೀಲವನ್ನು ಹಿಂದಕ್ಕೆ ಸರಿಸಿ, ಇದು ದೇವರ ಚೀಲ, ಯಾರೂ ಮುಟ್ಟಂಗಿಲ್ಲ ಎಂದಿದ್ದ, ದೇವರ ಚೀಲವಂತೆ, ಯಾವ ವರ್ಷ ಇತ್ತು ಅಂಥ ಪದ್ಧತಿ, ಸರಿಸಿದ್ದು ಒಂದೇ ಕೈಯಲ್ಲಿ, ಒಂದೇ ಕೈಯಲ್ಲಿ ಮಲ್ಲಯ್ಯ, ನೋಡಿದ್ದೆ, ನೋಡಿಯೂ ನಗುತ್ತಿದ್ದೆ.

ಜೊಳ್ಳು. ಕಾಳು ಕಟ್ಟದ ಭತ್ತ, ನೋಡಲು ಭತ್ತದ ಹಾಗೇ, ಬಣ್ಣ ಅದೇ, ಮೂತಿ ಅದೇ, ಒಳಗೆ ಗಾಳಿ, ಒಂದು ತಿಂಗಳಿಂದ ಮನೆಯ ಮೂಲೆಯಲ್ಲಿ ಗುಡ್ಡೆ ಬೆಳೆಯುತ್ತಿತ್ತು, ಎಲ್ಲಿಂದ ತಂದಿ ಹಂಪೀ ಅಂದರೆ ದೇಶನೂರಿನ ಕಣದಾಗ ತೂರಾಕ ಹೋಗಿದ್ನಲ್ಲ, ಅಲ್ಲಿಂದ, ಯಾಕ ಅಂದರೆ ಕೋಳಿಗೆ, ಕೋಳಿ, ಅವರ ಮನೆಯಲ್ಲಿ ಕೋಳಿ ಎಲ್ಲಿತ್ತು, ಕೋಳಿಯ ಪುಕ್ಕ ಕೂಡ ಇರಲಿಲ್ಲ, ಅಷ್ಟನ್ನೂ ಅವನು ಕೇಳಿರಲಿಲ್ಲ, ಸೊಂಟ ಬರುವುದನ್ನು ಕಾಯುವುದರಲ್ಲೇ ಮುಳುಗಿದ್ದ. ಹಂಪಮ್ಮ ಸಿಕ್ಕ ಒತ್ತಿಸಿಕೊಂಡು ಬಂದಳು, ಪಕ್ಕದಲ್ಲಿ ಕೂತಳು, ಬೆಂಚು ಬಾಗಿತು, ನಲವತ್ತಾರು ಕೆಜಿ, ಜೂನ್ ತಿಂಗಳಲ್ಲಿ ಐವತ್ತೆರಡು ಇದ್ದವಳು, ಗಿರಣಿಯಲ್ಲಿ ಚೀಲದ ಬಾಯಿ ಹೊಲಿಯುವುದು ಅವಳ ಕೆಲಸ, ಬಲಗೈಯ ಬೆರಳುಗಳಲ್ಲಿ ದಬ್ಬಣ ಚುಚ್ಚಿದ ಕಪ್ಪು ಚುಕ್ಕೆಗಳು, ಕಾಗದವನ್ನು ಮಡಚಿ ಬಿಚ್ಚಿ ಮತ್ತೆ ಮಡಚುತ್ತಿದ್ದಳು, ಸಾಲಿನಲ್ಲಿ ನಿಂತ ಬೇಸರ ಇರಬೇಕು ಅಥವಾ ಬೇರೆ ಏನೋ. ಹಂಪೀ, ಆ ಮೊದಲ ಚೀಲದ ಬಾಯಿ ನೀನ ಹೊಲದಿ ಏನು ಅಂದ. ಎಲ್ಲಾ ಚೀಲ ನಾನ ಹೊಲಿಯೋದು ಅಂದಳು. ಒಂದು ಚೀಲಕ್ಕ ಎಷ್ಟು ಹೊಲಿಗಿ? ಹದಿನಾಲ್ಕು. ಆ ಮೊದಲ ಚೀಲಕ್ಕ? ಅವಳು ಕಿಟಕಿಯಾಚೆಯ ಗುಡ್ಡ ನೋಡಿದಳು, ಗುಡ್ಡದ ಮೇಲೆ ಬಿಸಿಲು ಇನ್ನೂ ಒಂದು ಮಾರು ಇಳಿದಿತ್ತು, ಎಣಿಸಿಲ್ಲ ಅಂದಳು, ಕಣ್ಣು ತಿರುಗಿಸಲಿಲ್ಲ, ಎಣಿಸಿಲ್ಲ, ಮೂವತ್ತಿದ್ದವು, ಕೊಪ್ಪೆಯ ಕೆಳಗಿನಿಂದ ಅವನ ಕಿವಿಗೆ ತಾಗುತ್ತಿತ್ತು ಆ ಹೊಲಿಗೆ, ಜೊಳ್ಳು ಒಂದೂ ಸೋರದಂತೆ ಒತ್ತೊತ್ತಾಗಿ, ಮದುವೆಯ ಕುಪ್ಪಸ ಹೊಲಿದ ಹಾಗೆ. ಮಲ್ಲಯ್ಯಗ ಯಾರು ಹೇಳಿದ್ರು ಅಂದ. ಯಾವ ಮಲ್ಲಯ್ಯ, ಏನು ಹೇಳೋದು, ನಿಮಗ ಚಹಾ ತರಲೇನು, ಮುಖ ಬಾಡೇತಿ. ಬ್ಯಾಡ. ಹಾಗಾದರೆ ಎಲ್ಲರಿಗೂ ಗೊತ್ತಿತ್ತು, ಸಿಳ್ಳೆ ಹಾಕಿದವರಿಗೆ, ಹಾ ಅಂದ ಹೆಂಗಸರಿಗೆ, ಗುಮಾಸ್ತನಿಗೆ, ಸಾಹುಕಾರರಿಗೂ ಗೊತ್ತಿತ್ತೋ ಏನೋ, ಒಬ್ಬನ ಬಾಯಿ ಜಾರಿದ್ದರೆ ಮುಗಿಯುತ್ತಿತ್ತು, ಮೂವತ್ತು ಜನ ಮೂವತ್ತು ಹೊಲಿಗೆ ಹಾಕಿದ ಹಾಗೆ ಬಾಯಿ ಮುಚ್ಚಿಕೊಂಡಿದ್ದರು, ಹನ್ನೆರಡು ವರ್ಷ ಕಾದ ಮಲ್ಲಯ್ಯ, ನಿಜವಾದ ಚೀಲ ಕೊಟ್ಟಿದ್ದರೆ ಸಾಕಿತ್ತು, ಹಲಗೆಯ ನಡುವಿನಲ್ಲಿ ಕುಸಿದು ಬೀಳುತ್ತಿದ್ದೆ, ಮೇಸ್ತ್ರಿಕೆ ಅವನ ಕಾಲ ಬಳಿ ಬಂದು ಬೀಳುತ್ತಿತ್ತು, ಅವನೇ ಅಳೆದು ಸುರಿದನೇ ಆ ಜೊಳ್ಳನ್ನು, ಚೀಲದ ಬಾಯಿಗೆ ಎರಡು ಸೇರು ಗಟ್ಟಿ ಭತ್ತ ಹಾಕಿ, ಲೇ ಮಲ್ಲಯ್ಯ, ನನ್ನ ಹತ್ತಿರವೇ ಸುಳ್ಳಿನ ವ್ಯಾಪಾರ, ನಾನು ಆ ವ್ಯಾಪಾರದ ಸಾಹುಕಾರ, ನನಗೇ ಮಾರಿದೆಯಲ್ಲೋ. ಒಂದು ದಿನಕ್ಕೆ ಅಂತ ಮಾಡಿದರು, ಸೋಮವಾರದ ಚೀಲವನ್ನೂ ಹೊರಲು ಹೊರಡುತ್ತಾನೆ ಅಂತ ಅಂದುಕೊಂಡಿರಲಿಲ್ಲ, ಅದಕ್ಕೇ ಇವಳು ಹೀಗೆ ಕಾಗದ ಮಡಚುತ್ತಿದ್ದಾಳೆ, ಬೆಳಿಗ್ಗೆ ಬಸ್ಸಿನಲ್ಲೂ ಒಂದೇ ಮಾತು, ಡಾಕ್ಟ್ರು ಏನು ಹೇಳ್ತಾರೋ ಅಷ್ಟು ಕೇಳ್ರಿ, ಈ ಸಲ ಪೂರಾ ಕೇಳ್ರಿ. ಆ ಕಡೆ ಪಾಲಯ್ಯ ಗೋಡೆ ಹಿಡಿದು ಏಳುತ್ತಿದ್ದ, ಮಾರೆಮ್ಮ ಅವನ ಕಂಕುಳಿಗೆ ಹೆಗಲು ಕೊಟ್ಟಿದ್ದಳು, ಅಣ್ಣ, ಒಪ್ಪ್ಯಾನ್ರಿ, ಹೆಬ್ಬಟ್ಟು ಒತ್ತಾಕ ಹೊಂಟೀವಿ, ಸಂಕ್ರಾಂತಿಗೆ ದೊಡ್ಡ ಬಂಡಿಗಲ್ಲು ಎತ್ತಬೇಕಂತ ಈಗ್ಲೇ ಅನ್ನಾಕತ್ಯಾನ ಎಂದು ಕೂಗಿದಳು, ಪಡಸಾಲೆಯವರೆಲ್ಲ ನಕ್ಕರು, ಪಾಲಯ್ಯನೂ ನಕ್ಕ, ಬೆಳ್ಳನೆಯ ರೆಪ್ಪೆ ಅಲುಗಿಸಿ, ಒಂದೇ ಕಾಲಿನ ಮೇಲೆ ನಿಂತು, ಆ ನಗುವಿನ ತೂಕ ಮಾತ್ರ ಹುಲುಗಪ್ಪನ ಮೈಗೆ ಸಿಗಲಿಲ್ಲ.

ಹುಲುಗಪ್ಪ, ಸಿರುಗುಪ್ಪ ಎಂದು ಕೂಗಿದರು, ಹಸಿರು ಪರದೆ, ಪರದೆಯ ಈಚೆ ಮೇಜು, ಮೇಜಿನ ಆಚೆ ವಿರೂಪಾಕ್ಷಪ್ಪ ಡಾಕ್ಟರು, ಕನ್ನಡಕದ ಮೇಲಿನಿಂದ ನೋಡಿ ಏನಪ್ಪಾ ಹುಲುಗಪ್ಪ, ಪಲ್ಲ ಎಲ್ಲಿಗೆ ಬಂತು ಅಂದರು, ಹಂಪಮ್ಮ ಹಿಂದೆ ನಿಂತಿದ್ದಳು, ಪರದೆಯ ಕೆಳಗೆ ಹೆಬ್ಬಟ್ಟು ಒತ್ತಲು ಕಾದು ನಿಂತ ಎರಡು ಜೊತೆ ಕಾಲು ಕಾಣಿಸುತ್ತಿದ್ದವು, ಒಂದು ಹೆಂಗಸಿನದು, ಒಂದು ಗಂಡಸಿನದು, ಗಂಡಸಿನ ಎಡಗಾಲು ನೆಲಕ್ಕೆ ಪೂರಾ ತಾಗಿರಲಿಲ್ಲ, ಕಿರುಬೆರಳು ಮೇಲಕ್ಕೆ ಎದ್ದಿತ್ತು, ಗೊತ್ತು ಆ ಕಿರುಬೆರಳು, ಅದರ ಉರಿ ಗೊತ್ತು. ಕಾಲಿಂದು ಒಂದು ಚಟಾಕು ಸೈತ ಇಲ್ರಿ ಸಾಹೇಬ್ರ ಅಂದ, ಗಟ್ಟಿಯಾಗಿ, ಪರದೆಯಾಚೆಗೂ ಕೇಳಲಿ ಎಂದು, ನೀವು ಕೊಟ್ಟ ಮಾತು ನಡೆಸೀರಿ, ಆರು ತಿಂಗಳಿಂದ ಮನುಷಾರಂಗ ಮಲಗಾಕತ್ತೀನಿ, ಅದೊಂದಕ್ಕ ನಿಮ್ಮ ಕಾಲಿಗೆ ಬೀಳಬೇಕು. ಸೊಂಟ? ಸೊಂಟ ಹೇಳಿದಂಗ ಐತ್ರಿ, ಬಗ್ಗಿದರ ಹತ್ತು ಸೇರು, ಕೂತು ಎದ್ದರ ಇಪ್ಪತ್ತು. ಡಾಕ್ಟರು ಪೆನ್ನು ತೆಗೆದರು, ಮತ್ತ ಏನಾರ ಎತ್ತಿದಿ ಏನು, ಖರೇ ಹೇಳು, ಗಿರಣಿಯೋರಿಗೆ ಚೀಟಿ ಬರೀಬೇಕು. ಎಪ್ಪತ್ತೈದು ಕೇಜಿ, ಹಲಗೆ ಹತ್ತಿ, ನಿಟ್ಟಿನ ತುದಿಗೆ, ಇಡೀ ಗಿರಣಿ ಸಿಳ್ಳೆ — ಎಲ್ಲ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತಿತ್ತು, ಇಪ್ಪತ್ತೆರಡು ವರ್ಷದ ಅಷ್ಟೂ ಚೀಲ ನಿಂತಿದ್ದವು, ಚಂದ್ರನ ತನಕ, ಒಂದು ಮಾತು ಅಂದರೆ ಸಾಕು, ಚೀಟಿ, ಸೋಮವಾರ, ಮೇಸ್ತ್ರಿಕೆ, ಪರದೆಯ ಕೆಳಗೆ ಆ ಕಿರುಬೆರಳು ಅಲುಗಿತು. ಜೊಳ್ಳು ಎತ್ತೀನ್ರಿ ಅಂದ. ಏನು? ಜೊಳ್ಳು ಸಾಹೇಬ್ರ, ಒಂದು ಚೀಲ ಜೊಳ್ಳು, ಭತ್ತ ನನ್ನ ಕೈಲಿ ಇನ್ನ ಆಗಂಗಿಲ್ಲ, ಮಲ್ಲಯ್ಯ ಅಂತ ಒಬ್ಬ ಅದಾನ, ಗಟ್ಟಿ ಆಳು, ಅವನ ಹೆಸರು ಹೇಳ್ತೀನಿ ಸಾಹುಕಾರ್ರಿಗೆ. ದನಿ ತನ್ನದೇ ಅನ್ನಿಸಲಿಲ್ಲ, ಅದಕ್ಕೆ ಒಂದು ಸೇರೂ ಮೇಲೆ ಸೇರಿಸಿರಲಿಲ್ಲ, ಇದ್ದಷ್ಟೇ ತೂಕ, ಪರದೆಯಾಚೆ ಗಂಡಸಿನ ದನಿ ಮೆಲ್ಲಗೆ ಕೇಳಿತು, ಮಾರಿ, ಕಾಲಿನ ಉರಿ ಹೋಗೇತಂತ, ಕೇಳಿದೇನ, ಕಲ್ಲು ಎತ್ತಾಕ ಆಗಂಗಿಲ್ಲಂತ, ಹೂಂ, ಕೇಳಿದೆ ಅಂದಳು ಮಾರೆಮ್ಮ, ಡಾಕ್ಟರ ಪೆನ್ನು ಕಾಗದದ ಮೇಲೆ ಶ್ಶ್ ಎಂದು ಓಡುತ್ತಿತ್ತು, ಒಣ ಎಲೆಯ ಮೇಲೆ, ಹಂಪಮ್ಮನ ದಬ್ಬಣದ ಬೆರಳು ಅವನ ಬೆನ್ನಿಗೆ ತಾಗಿತು, ಹೊಲಿಗೆಯ ಗುರುತಿದ್ದಲ್ಲಿ, ಅಲ್ಲೇ ನಿಂತಿತು, ಅಂಗಾಲು ಚಿಮ್ಮುವಿಕೆಗೆ ಕಾಯುತ್ತಿದೆ, ಕಾಯುತ್ತಲೇ ಇದೆ, ಹದಿನೆಂಟು ಅಡಿಯ ಹಲಗೆ, ನಡುವಿನಲ್ಲಿ ಅವನು, ಬೆನ್ನ ಮೇಲೆ ಮೂವತ್ತು ಹೊಲಿಗೆಯ ಚೀಲ, ಕೆಳಗೆ ಸಿಳ್ಳೆ, ಅಡಿಯಲ್ಲಿ ಹಲಗೆ, ನಾಲ್ಕು ಬೆರಳು, ನಾಲ್ಕೇ ಬೆರಳು